ನೀರುಚಿಗಟ ಮರಿ ಹಾಕಲಿಲ್ಲ

ಕೆನಡಾದ ಉತ್ತರಕ್ಕೆ ಬಂದ ಮೊದಲ ಬೆಳಿಗ್ಗೆ ತೋಪು ಹಾರಿದ ಸದ್ದಿಗೆ ಬೆಚ್ಚಿಬಿದ್ದೆ. ಎದುರಿಗೆ ಕಣ್ಣು ಹಾಯುವವರೆಗೂ ಕೆರೆ, ಆದರೆ ಒಂದು ಹಕ್ಕಿಯೂ ಇಲ್ಲ. ಗಣಿಯಲ್ಲಿ ಅಗೆದ ಎಣ್ಣೆಮರಳನ್ನು ತೊಳೆದು ಎಣ್ಣೆ ತೆಗೆದ ಮೇಲೆ ಉಳಿಯುವ ಕೆಸರುನೀರನ್ನು ಇಲ್ಲಿ ತಡೆದು ನಿಲ್ಲಿಸುತ್ತಾರೆ. ಹಕ್ಕಿಗಳು ಇಳಿದು ಸಾಯದಿರಲೆಂದು ಈ ತೋಪು. ನಮ್ಮ ಹನುಮಸಾಗರದಲ್ಲಿ ಜೋಳದ ತೆನೆ ಉಳಿಸಲು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದೆವು. ಇಲ್ಲಿ ಹಕ್ಕಿಯನ್ನು ಉಳಿಸಲೆಂದೇ ಓಡಿಸುತ್ತಾರೆ.

ಆ ನೀರಿನ ವಿಷ ಪರೀಕ್ಷೆ ಮಾಡುವುದು ನನ್ನ ಕೆಲಸ. ಗಣಿ ಮುಗಿದ ನೆಲವನ್ನು ಮತ್ತೆ ‘ಮಸ್ಕೆಗ್’ ಮಾಡಬೇಕು. ಹಾಗೆಂದರೆ ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುವ, ಪಾಚಿ ತುಂಬಿದ ಜೌಗು. ಅಲ್ಲಿಗೆ ಯಾವ ನೀರು ಬಿಡಬಹುದು ಎಂಬುದನ್ನು ನಾವು ಅದರಲ್ಲಿ ನೀರುಚಿಗಟಗಳನ್ನು ಬಿಟ್ಟು ನೋಡಿ ತಿಳಿಯುತ್ತೇವೆ. ಸಾಸಿವೆಯಷ್ಟೂ ಇಲ್ಲದ ಜೀವ. ಗಾಜಿನಂಥ ಮೈಯೊಳಗೆ ಮರಿಗಳೂ ಕಾಣುತ್ತವೆ.

ನೆಲಮಾಳಿಗೆಯ ಬಾಡಿಗೆ ಕೋಣೆಯಲ್ಲಿ ರೊಟ್ಟಿ ತಟ್ಟುತ್ತ, ಗಿಣಿಗೇರಾದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಬಿದ್ದುಬಿದ್ದು ನಕ್ಕಳು. “ಇಷ್ಟು ಓದಿ, ಅಷ್ಟು ದೂರ ಚಿಗಟ ಎಣಸಾಕ ಹೋಗೀದೇನ ತಂಗಿ?”

ಕಳೆದ ಬೇಸಿಗೆಯಲ್ಲಿ ಒಂದು ಮಾದರಿ ನೀರು ಬಂತು. ಮೂರು ವಾರವಾದರೂ ಅದರಲ್ಲಿ ಒಂದು ಚಿಗಟವೂ ಸಾಯಲಿಲ್ಲ. ಮೇಲ್ವಿಚಾರಕಿ ಎಲೆನ್ ಹಿಗ್ಗಿದರು. ಆ ನೆಲಕ್ಕೆ ನೀರು ಬಿಟ್ಟು ಜೊಂಡು ನೆಡುವ ಕಾಲ ಹತ್ತಿರವಿತ್ತು. ತಪ್ಪಿದರೆ ಒಂದು ವರ್ಷ ಕಾಯಬೇಕು. ನನ್ನ ಕೆಲಸದ ಕರಾರು ನವೀಕರಣವಾಗಬೇಕಿದ್ದುದೂ ಅದೇ ತಿಂಗಳು.

“ಎಲ್ಲವೂ ಬದುಕಿವೆಯಲ್ಲ?” ಎಂದರು.

“ಬದುಕಿವೆ. ಆದರೆ ಒಂದೂ ಮರಿ ಹಾಕಿಲ್ಲ. ಶುದ್ಧ ನೀರಿನ ಜಾಡಿಯಲ್ಲಿ ನೋಡಿ, ಮರಿಗಳು ತುಂಬಿವೆ.” ಎರಡೂ ಜಾಡಿಗಳನ್ನು ಅವರತ್ತ ಸರಿಸಿದೆ. “ಈ ನೀರು ಬಿಟ್ಟರೆ ಮುಂದಿನ ವರ್ಷ ಮೀನಿಗೆ ತಿನ್ನಲು ಏನಿರುತ್ತದೆ?”

ಎಲೆನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎರಡೂ ಜಾಡಿಗಳ ಚಿಗಟಗಳನ್ನು ನೋಡಿದರು. “ಇನ್ನೊಮ್ಮೆ ಮಾಡು” ಎಂದರು. ಮಾಡಿದೆ. ಮತ್ತೆ ಅದೇ ಫಲಿತಾಂಶ. ಆ ವರ್ಷ ಜೊಂಡು ನೆಡಲಿಲ್ಲ, ನೀರನ್ನು ಬಿಡಲೂ ಇಲ್ಲ. ನನ್ನ ಕರಾರು ಮಾತ್ರ ಮುಂದುವರಿಯಿತು.

ಗಣಿಯ ಸುತ್ತಲಿನ ಊರವರ ಸಭೆಯಲ್ಲಿ ಈ ಫಲಿತಾಂಶ ವಿವರಿಸಿದೆ. ಗಣಿ ಬರುವ ಮೊದಲು ಅಲ್ಲಿದ್ದ ಜೌಗಿನಲ್ಲಿ ಕಾಡುಹಣ್ಣು ಕೊಯ್ಯುತ್ತ ಬೆಳೆದ ಮೂಲನಿವಾಸಿ ಅಜ್ಜಿಯೊಬ್ಬರು ಬಂದು ನನ್ನ ಕೈ ಹಿಡಿದರು. “ನಮ್ಮ ನೀರನ್ನು ನೀನು ಚೆನ್ನಾಗಿ ನೋಡಿದೆ” ಎಂದರು. ಆ ‘ನಮ್ಮ’ದೊಳಗೆ ನಾನೂ ಇದ್ದೇನೆ ಅನ್ನಿಸಿತು.

ಅಕ್ಕನಿಗೆ ಹೇಳಿದೆ. ಈ ಸಲ ಅವಳು ನಗಲಿಲ್ಲ.

“ಛಲೋ ಮಾಡಿದಿ ಬಿಡು. ಆದ್ರ ತಂಗಿ, ನಮ್ಮೂರ ಹಳ್ಳದಾಗ ಆ ಚಿಗಟ ಬಿಟ್ರ ಅವು ಮರಿ ಹಾಕ್ತಾವೇನ?”

ಆ ಹಳ್ಳದಲ್ಲಿ ಲಂಗ ಎತ್ತಿಕಟ್ಟಿ ಮೀನುಮರಿ ಹಿಡಿದವಳು ನಾನು. ಅದರ ಒಂದು ಲೋಟ ನೀರನ್ನೂ ನಾನು ಎಂದೂ ಹೀಗೆ ಪರೀಕ್ಷಿಸಿ ನೋಡಿಲ್ಲ.

“ಗೊತ್ತಿಲ್ಲಕ್ಕ” ಎಂದೆ.