ಜೇನಿಗೆ ಕಂಡ ಎರಡು ಬಿಳುಪು

ಹೂವಿನಹಡಗಲಿಯ ಮಕ್ತುಂ ಸಾಬರು ಬೋರ್ಡು ಬರೆಯುವವರು. ಊರೆಲ್ಲ ಫ್ಲೆಕ್ಸ್ ಬಂದ ಮೇಲೂ ಬ್ರಶ್ಶು ಕೆಳಗಿಟ್ಟವರಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುವವರಲ್ಲ. ಹೆಂಡತಿ ಜಾನಬಿ ಅಡುಗೆಮನೆಗೆ ತಿಳಿನೀಲಿ ಕೇಳಿದರೆ ಕೆಂಪು ಬಳಿದು, "ದೂರದಿಂದ ಎದ್ದು ಕಾಣಬೇಕಲ್ಲ" ಎಂದಿದ್ದರು. ಅಡುಗೆಮನೆಯನ್ನು ದೂರದಿಂದ ನೋಡುವವರು ಯಾರು ಎಂದು ಜಾನಬಿ ಇನ್ನೂ ಕೇಳುತ್ತಲೇ ಇದ್ದಾರೆ.

ಹೋದ ವರ್ಷ ಉಚ್ಚಂಗೆಮ್ಮ ಅಂಗಡಿಗೆ ಬಂದರು. ಅಂಗನವಾಡಿ ಕೆಲಸದಿಂದ ನಿವೃತ್ತರಾಗಿ, ಸೂರ್ಯಕಾಂತಿ ಹೊಲದ ಬದಿಗೆ ಆರು ಜೇನುಪೆಟ್ಟಿಗೆ ಇಟ್ಟಿದ್ದರು.

"ಸಾಬ್ರ, ಆರೂ ಒಂದ ನಮೂನಿ ಅದಾವ್ರಿ. ಹುಳ ತಮ್ಮ ಮನಿ ತಪ್ಪಿ ಬ್ಯಾರೆದಕ್ಕ ಹೊಕ್ಕು ಬಡದಾಡ್ತಾವು. ಗುರ್ತು ಸಿಗೂ ಹಂಗ ಬಣ್ಣ ಹಚ್ಚಿಕೊಡ್ರಿ."

ಸಾಬರು ಪೆಟ್ಟಿಗೆಗಳ ಮುಂಭಾಗಕ್ಕೆ ಹೊಡೆಯಲು ಆರು ಹಲಗೆ ತಯಾರಿಸಿದರು. ಒಂದು ಕೆಂಪು, ಒಂದು ಕಪ್ಪು, ಮತ್ತೊಂದು ಕೆಂಪು, ಹೀಗೆ. ಕಣ್ಣು ಕುಕ್ಕುವ ಕೆಲಸ. ಹೊಲಕ್ಕೆ ಹೋಗಿ ಅವನ್ನು ಹೊಡೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ತಾವೇ ತಲೆದೂಗಿದರು.

ವಾರದ ಮೇಲೆ ಉಚ್ಚಂಗೆಮ್ಮ ಕಾಗದದಲ್ಲಿ ಸತ್ತ ಹುಳಗಳನ್ನು ಕಟ್ಟಿಕೊಂಡು ಬಂದರು. "ಜಗಳ ಒಂದೀಟೂ ಕಡಿಮಿ ಆಗಿಲ್ರಿ!"

"ಹಂಗಾರ ನಿಮ್ಮ ಹುಳಕ್ಕ ಕಣ್ಣಿಲ್ಲ ಬಿಡ್ರಿ," ಎಂದರು ಸಾಬರು. ತಪ್ಪು ತಮ್ಮ ಬಣ್ಣದ್ದಾಗಿರಲು ಸಾಧ್ಯವೇ ಇರಲಿಲ್ಲ.

ಉಚ್ಚಂಗೆಮ್ಮನ ಮಗಳು ಕ್ರಾಂತಿ ಹರಪನಹಳ್ಳಿಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಭಾನುವಾರ ಸಾಬರನ್ನೂ ಕರೆದುಕೊಂಡು ಹೊಲಕ್ಕೆ ಬಂದವಳು ಹಲಗೆಗಳನ್ನು ನೋಡಿ ನಕ್ಕಳು.

"ಕಾಕಾ, ಜೇನಿಗೆ ಕೆಂಪು ಕಾಣಂಗಿಲ್ಲ. ಕೆಂಪೂ ಕರೇದ, ಕಪ್ಪೂ ಕರೇದ. ನೀವು ಆರೂ ಕರೇ ಹಲಗಿ ಹೊಡದೀರಿ."

ನಲವತ್ತು ವರ್ಷದ ಕೆಂಪು! ಸಾಬರ ಮುಖ ಸಣ್ಣಗಾಯಿತು. "ಅಯ್ಯ, ಹಂಗಾರ ಅವು ನೋಡೂದಾದ್ರೂ ಏನವ್ವ?"

"ನಮಗ ಕಾಣದ ಒಂದು ಬೆಳಕು ಅವಕ್ಕ ಕಾಣತೈತಿ. ನೇರಳೆಗಿಂತ ಆಚಿಂದು, ಅತಿನೇರಳೆ. ಅದನ್ನ ಹಿಡಿಯೋ ಜೀವಕೋಶ ಅವುಗಳ ಕಣ್ಣಾಗ ಅದಾವು. ಈ ಸೂರ್ಯಕಾಂತಿ ಎಸಳು ನಮಗ ಬರೇ ಹಳದಿ. ಅವಕ್ಕ ನಡುವ ಕಪ್ಪು ಬಳಿ ಹಾಕಿದಂಗ ಕಾಣತೈತಿ."

ಸಾಬರು ಹೂವೊಂದನ್ನು ಬಗ್ಗಿಸಿ, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಬಳೆ ಕಾಣಲಿಲ್ಲ. ಒಳಗಿದ್ದ ಜೇನು ಎದ್ದು ಮೂಗಿಗೆ ಕಚ್ಚಿತು.

ಊದಿದ ಮೂಗಿನೊಂದಿಗೇ ಮರುದಿನ ಕ್ರಾಂತಿ ಹೇಳಿದಂತೆ ಮಾಡಿದರು. ಮೂರು ಹಲಗೆಗೆ ಡಬ್ಬಿಯ ಬಿಳಿ ಪೇಂಟು, ಮೂರಕ್ಕೆ ಗೋಡೆಗೆ ಬಳಿಯುವ ಸುಣ್ಣ. ಪೇಂಟು ಆ ಬೆಳಕನ್ನು ನುಂಗುತ್ತದಂತೆ, ಸುಣ್ಣ ತಿರುಗಿ ಕಳಿಸುತ್ತದಂತೆ. ಒಂದು ಬಿಟ್ಟು ಒಂದರಂತೆ ಹೊಡೆದರು.

ಉಚ್ಚಂಗೆಮ್ಮ ಸೊಂಟದ ಮೇಲೆ ಕೈಯಿಟ್ಟರು. "ಎಲ್ಲಾ ಬಿಳೇದ ಬಳದೀರಲ್ರೀ! ಆವಾಗ ನನಗಾದ್ರೂ ಗುರ್ತು ಸಿಗ್ತಿತ್ತು!"

ಸಾಬರಿಗೂ ಒಳಗೊಳಗೇ ಅದೇ ಅನುಮಾನ. ನಾಲ್ಕು ದಿನ ಬೆಳಿಗ್ಗೆ ಬಂದು ಪೆಟ್ಟಿಗೆಗಳ ಎದುರು ಕುಕ್ಕರಗಾಲಲ್ಲಿ ಕೂತರು. ಐದನೆಯ ದಿನ ಹುಳಗಳು ಗಾಳಿಯಲ್ಲಿ ಒಂದು ಗಳಿಗೆ ತಡೆದು, ನೆಟ್ಟಗೆ ತಮ್ಮ ತಮ್ಮ ಮನೆಗೆ ಇಳಿದವು. ಪೆಟ್ಟಿಗೆಯ ಕೆಳಗೆ ಸತ್ತ ಹುಳ ಒಂದೂ ಇರಲಿಲ್ಲ. ಸಾಬರು ತಾವೇ ಜೇನುಕಣ್ಣು ಕಂಡುಹಿಡಿದವರಂತೆ ಮೀಸೆ ತಿರುವಿದರು.

ಈಗ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯಿಂದಲೂ ಬಣ್ಣಕ್ಕೆ ಜೇನುಪೆಟ್ಟಿಗೆಯ ಹಲಗೆಗಳು ಬರುತ್ತವೆ. ಎರಡೂ ಬಿಳಿಯೇ ಅಲ್ಲವೇ ಎಂದು ಯಾರಾದರೂ ತಕರಾರು ತೆಗೆದರೆ ಸಾಬರು ತಲೆ ಎತ್ತುವುದಿಲ್ಲ.

"ನಿಮಗ ಕಾಣಂಗಿಲ್ಲ ಬಿಡ್ರಿ," ಎನ್ನುತ್ತಾರೆ.