ಖಾರದ ಕೈ, ಒಂದು ದಿನದ ಕೀಬೋರ್ಡು

...ಅಥವಾ ಬಸ್ಸು ಎಂಟಕ್ಕೇ ಬಿಟ್ಟಿರಬಹುದು. ಟ್ಯಾಬ್‌ನ ಟಿಪ್ಪಣಿಯಲ್ಲಿ ಎಂಟೂವರೆ ಎಂದಿದೆ, ಆದರೆ ಅದನ್ನು ಬರೆದದ್ದು ಸಂಜೆ. ಜೋಪಾನವಾಗಿಟ್ಟ ಟಿಕೆಟ್ಟು ಅಕ್ಷರಗಳೆಲ್ಲ ಮಾಸಿ ಬಿಳಿ ಚೀಟಿಯಾಗಿದೆ. ಹಾವೇರಿಯಿಂದ ಬ್ಯಾಡಗಿಗೆ ಹೊರಟೆ, ಬಿಸಿಲಿತ್ತು, ಚೀಲದಲ್ಲಿ ಟ್ಯಾಬ್ ಮತ್ತು ಅದಕ್ಕೆ ಜೋಡಿಸುವ ಕೀಬೋರ್ಡು ಇದ್ದವು. ಇಷ್ಟು ಖಚಿತ.

ಕೀಬೋರ್ಡು ಇನ್ನೂ ನನ್ನದಾಗಿರಲಿಲ್ಲ. "ಒಂದು ದಿನ ಬಳಸಿ ನೋಡ್ರಿ, ಬ್ಯಾಡಾದ್ರ ನಾಳೆ ಸಂಜಿಗೆ ಹೆಂಗಿತ್ತೋ ಹಂಗ ತಂದು ಕೊಡ್ರಿ" ಎಂದು ರಾಣೆಬೆನ್ನೂರಿನ ಅಂಗಡಿಯವರು ಹಿಂದಿನ ದಿನ ಕೊಟ್ಟಿದ್ದರು.

ಬಸ್ಸಿನಲ್ಲೇ ತೊಡೆಯ ಮೇಲಿಟ್ಟು ಪರೀಕ್ಷೆಗಿಳಿದೆ. ರಸ್ತೆಯುಬ್ಬು ಬಂದಾಗಲೆಲ್ಲ ಟ್ಯಾಬ್ ಹಿಂದಕ್ಕೆ ಮಲಗುತ್ತಿತ್ತು. ಪಕ್ಕದ ಹಿರಿಯರು ಕೇಳಿದರು: "ಹಾರ್ಮೋನಿಯಂ ಬಾರಿಸಾಕತ್ತೀರೇನ್ರಿ?"

"ಇಲ್ರಿ ಯಜಮಾನ್ರ, ಬರಿಯಾಕ."

"ಇದಿಲ್ಲದ ಬರಿಯಾಕ ಬರೂದಿಲ್ಲೇನು?"

"ಬರ್ತೈತ್ರಿ. ಆದ್ರ ಗಾಜಿನ ಮ್ಯಾಲ ಒತ್ತೂ ಅಕ್ಷರದ ಮನಿಗೇ ಅರ್ಧ ಪರದೆ ಹೋಗ್ತೈತಿ."

"ಇಷ್ಟೆಲ್ಲಾ ಜೋಡಿಸಿದ ಮ್ಯಾಲ ಲ್ಯಾಪ್‌ಟಾಪೇ ಆತಲ್ಲ! ಅದನ್ನ ತರಬೇಕಿತ್ತು." ಮೋಟೆಬೆನ್ನೂರಿನಲ್ಲಿ ಇಳಿಯುವಾಗಲೂ ಅವರು ನಗುತ್ತಿದ್ದರು.

ಬ್ಯಾಡಗಿಯಲ್ಲಿ ಇಳಿದೊಡನೆ ಎರಡು ಸೀನು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಶಾಹಿದಾಬಿ ಕಾಯುತ್ತಿದ್ದರು. ನಾನು ಹಾವೇರಿಯಲ್ಲಿ ನಡೆಸುವ ಭಾನುವಾರದ ಬರವಣಿಗೆ ತರಗತಿಗೆ ಬರುವವರು. ಅವರ ಮೊದಲ ಕತೆ ಮಧ್ಯಾಹ್ನ ಮೂರರೊಳಗೆ ಸ್ಪರ್ಧೆಗೆ ಹೋಗಬೇಕಿತ್ತು. ಟೈಪ್ ಮಾಡಿದ್ದೇ ಆಗಬೇಕು, ಕೈಬರಹ ನಡೆಯದು.

"ನನ್ನ ಕತಿ, ನಾನ ಒತ್ತತೇನ್ರಿ" ಎಂದು ಟ್ಯಾಬ್ ಎಳೆದುಕೊಂಡರು. ಕೈ ಉರಿಯದಿರಲೆಂದು ಅಲ್ಲಿಯ ಹೆಂಗಸರು ಕೆಲಸಕ್ಕೆ ಕೂರುವ ಮೊದಲು ಅಂಗೈಗೆಲ್ಲ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಎಷ್ಟು ಒರೆಸಿದರೂ ಗಾಜಿನ ಮೇಲೆ ಬೆರಳು ಜಾರಿತು, ಪರದೆ ಕೆಂಪಾಯಿತು. ಕೀಬೋರ್ಡು ಜೋಡಿಸಿದೆ. ಅದರ ಗುಂಡಿಗಳಿಗೆ ಎಣ್ಣೆ ಅಡ್ಡಿಯಾಗಲಿಲ್ಲ, ಒತ್ತಿದ್ದಕ್ಕೆಲ್ಲ ಓಗೊಟ್ಟವು. ಆದರೆ ಶಾಹಿದಾಬಿ ಅವುಗಳ ಮೇಲಿನ ಇಂಗ್ಲಿಷ್ ಅಕ್ಷರ ನೋಡಿ, "ಇದರಾಗ ಕನ್ನಡ ಎಲ್ಲಿ ಅಡಗಿ ಕುಂತೈತ್ರಿ?" ಎಂದರು.

ಕೊನೆಗೆ ಅವರು ಹೇಳಿದರು, ನಾನು ಒತ್ತಿದೆ. ಒಂದೇ ಗೋಡೆಯ ಆಚೆ ಈಚೆ ಇದ್ದು ವರ್ಷಗಟ್ಟಲೆ ಮಾತು ಬಿಟ್ಟ ಇಬ್ಬರು ಓರಗಿತ್ತಿಯರ ಕತೆ. ಇಡೀ ಪರದೆ ತೆರವಾಗಿದ್ದರಿಂದ ಅಕ್ಷರಗಳು ಸಾಲುಗಟ್ಟುವುದನ್ನು ಎಲ್ಲರೂ ನೋಡಬಹುದಿತ್ತು. ಪಕ್ಕದಲ್ಲಿ ಕೂತಿದ್ದ ಗಂಗವ್ವ ಸುಮ್ಮನಿರಲಿಲ್ಲ.

"ಮೊನ್ನಿ ಹೇಳಿದಾಗ ಸಣ್ಣಾಕಿ ಅತ್ತಿದ್ದಳು, ಇವತ್ಯಾಕ ನಗತಾಳ?"

"ಇವತ್ತು ಸರ ಬಂದಾರ. ಮಂದಿ ಮುಂದ ಅಳತಾರೇನ?"

ಶೆಡ್ಡೆಲ್ಲ ನಕ್ಕಿತು. ಕತೆಯಲ್ಲಿ ಕಿರಿಯವಳು ಕಡೆಗೆ ಹಿರಿಯವಳ ಬಾಗಿಲಿಗೆ ಬಂದು ನಿಂತಳು, ಕೈ ಎತ್ತಿದಳು. ಅಷ್ಟರಲ್ಲಿ ಗಂಗವ್ವ ಸೀನಿದಳು, ಹಿಂದೆಯೇ ಎಲ್ಲರೂ ಸೀನಿದರು. ಸೀನು, ನಗು, ಕಣ್ಣೀರು ಅಡಗಿ ಪರದೆ ನೋಡಿದರೆ ಒಂದು ಸಾಲು ಅಲ್ಲಿತ್ತು: 'ಅವಳು ಬಡಿಯುವ ಮೊದಲೇ ಒಳಗಿನ ಚಿಲಕ ಸರಿಯಿತು.'

ಶಾಹಿದಾಬಿ ಎರಡು ಸಲ ಓದಿದರು. "ಹೂಂ, ಹಿಂಗ ಅಂದ್ನಿ."

"ಎಲ್ಲಿ ಅಂದಿ?" ಎಂದಳು ಗಂಗವ್ವ. "ನೀ ಸೀನಾಕತ್ತಿದ್ದಿ."

ಮೂರಕ್ಕೆ ಹತ್ತು ನಿಮಿಷವಿತ್ತು. ಕಳಿಸಿದೆವು. ತಲುಪಿದೆ ಎಂಬ ಉತ್ತರ ಬಂದಾಗ ಶಾಹಿದಾಬಿ ಎಣ್ಣೆಗೈಯಲ್ಲೇ ಗಂಗವ್ವನ ಗಲ್ಲ ಹಿಂಡಿದರು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ. ಅಷ್ಟು ರುಚಿಯಾದ ರೊಟ್ಟಿ ಹಿಂದೆಂದೂ ತಿಂದ ನೆನಪಿಲ್ಲ, ನನ್ನ ನೆನಪಿನ ಮಾತು ಎಷ್ಟು ನಂಬಬಹುದೋ ಅಷ್ಟು ನಂಬಿ.

ಸಂಜೆ ರಾಣೆಬೆನ್ನೂರಿನ ಅಂಗಡಿಯಲ್ಲಿ ಕೀಬೋರ್ಡು ಮುಂದಿಟ್ಟೆ. ಅಂಗಡಿಯವರು ಅದನ್ನು ಬೋರಲು ಮಾಡಿ ತಟ್ಟಿದರು. ಮೆಣಸಿನ ಬೀಜಗಳು ಪಟಪಟನೆ ಉದುರಿದವು. "ಏನ್ರೀ ಸರ, ಇದಕ್ಕ ಒಗ್ಗರಣಿ ಹಾಕೀರೇನು?" ಎಂದವರೇ ಸೀನಿದರು. ಎರಡು ಸಾವಿರದ ಇನ್ನೂರು ಕೊಟ್ಟೆ. ಹೇಗೂ ಕೊಳ್ಳಬೇಕೆಂದೇ ಹೋಗಿದ್ದೆ. ಅಥವಾ ಈಗ ಹಾಗೆ ಅನ್ನಿಸುತ್ತಿದೆ.

ಹಾವೇರಿಯ ಬಸ್ಸಿನಲ್ಲಿ ಅದನ್ನು ಚೀಲದಲ್ಲೇ ಬಿಟ್ಟು, ಗಾಜಿನ ಮೇಲೆ ಒಂದೇ ಬೆರಳಿನಿಂದ ದಿನದ ಟಿಪ್ಪಣಿ ಬರೆದೆ. ಹೀಗೆ ಬರೆಯುವಾಗ ಬೆರಳು ಮಾತಿಗಾಗಿ ಕಾಯುತ್ತದೆ. ಆ ಶೆಡ್ಡಿನಲ್ಲಿ ನನ್ನ ಹತ್ತೂ ಬೆರಳು ಎಷ್ಟು ಹಗುರಾಗಿ ಓಡಿದ್ದವೆಂದರೆ, ಅವು ಶಾಹಿದಾಬಿಯ ದನಿಯ ಹಿಂದಿದ್ದವೋ ಮುಂದಿದ್ದವೋ ನಾನು ನೋಡಲೇ ಇಲ್ಲ. ಚಿಲಕ ಸರಿದ ಆ ಕೊನೆಯ ಸಾಲು ಅವರು ಹೇಳಿದ್ದೋ ನಾನೇ ಸೇರಿಸಿ ಒತ್ತಿದ್ದೋ, ನನಗೆ ಗೊತ್ತಿಲ್ಲ.