ಅಪ್ಪನ ಲೆಕ್ಕಕ್ಕೆ ಜಮೆಯಾದ ತೆರಿಗೆ

ಜೂನ್ ತಿಂಗಳ ಎರಡನೆಯ ಭಾನುವಾರ ಅವ್ವನ ಆದಾಯ ತೆರಿಗೆ ರಿಟರ್ನ್ ತುಂಬಲು ಕೂತೆ. ಹಿಂದಿನ ವರ್ಷ ಅಪ್ಪ ತೀರಿಕೊಂಡ ಮೇಲೂ ಅವ್ವ ನಮ್ಮೂರು ಧಾರವಾಡಕ್ಕೆ ಹೋಗದೆ, ಅಪ್ಪ ರೈಲ್ವೆ ನೌಕರಿ ಮಾಡಿದ ಈ ಊರಿನಲ್ಲೇ, ಲೇಕ್ ಗಾರ್ಡನ್ಸ್‌ನ ಫ್ಲಾಟಿನಲ್ಲಿ ನನ್ನ ಜೊತೆಗೇ ಉಳಿದಿದ್ದಾಳೆ.

ಠೇವಣಿಯ ಬಡ್ಡಿ ಕೊಡುವಾಗಲೇ ಬ್ಯಾಂಕು ಒಂದಿಷ್ಟು ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಅದು ನಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿರುತ್ತದೆ. ನಾವು ಕೊಡಬೇಕಾದ ತೆರಿಗೆಯಲ್ಲಿ ಆ ಜಮೆಯನ್ನು ಕಳೆದು ಉಳಿದದ್ದನ್ನು ಕಟ್ಟಿದರೆ ಸಾಕು. ಹೆಚ್ಚಾಗಿದ್ದರೆ ವಾಪಸು ಬರುತ್ತದೆ. ಅವ್ವನ ಆದಾಯಕ್ಕೆ ತೆರಿಗೆಯೇ ಇಲ್ಲ, ಮುರಿದದ್ದೆಲ್ಲ ಮರಳಬೇಕಿತ್ತು. ಆದರೆ ಅವಳ ಜಮೆಪಟ್ಟಿ ಖಾಲಿ. ಇಬ್ಬರ ಹೆಸರಿನ ಠೇವಣಿಯಲ್ಲಿ ಅಪ್ಪನ ಹೆಸರು ಮೊದಲಿತ್ತು. ಅವರು ಇಲ್ಲವೆಂದು ನಾವು ಬ್ಯಾಂಕಿಗೆ ತಿಳಿಸಿಯೇ ಇರಲಿಲ್ಲ. ತೆರಿಗೆಯೆಲ್ಲ ಅಪ್ಪನ ಪ್ಯಾನ್‌ಗೆ ಹೋಗಿತ್ತು.

"ಇರ್ಲಿ ಬಿಡು," ಅಂದಳು ಅವ್ವ. "ಸರ್ಕಾರದ ಲೆಕ್ಕದಾಗರ ಅವರು ಇದ್ದಂಗಾತು."

"ರಿಟರ್ನ್ ಯಾಕ ತುಂಬಿಲ್ಲಂತ ಅಪ್ಪಗ ನೋಟಿಸು ಬಂದೀತು."

"ಬರ್ಲಿ. ರೈಲ್ವೆ ಆಫೀಸಿನ್ಯಾಗ ಅವರು ಮತ್ತೇನ್ ಮಾಡ್ತಿದ್ರು, ಕಾಗದಕ್ಕ ಉತ್ತರ ಬರೀತಿದ್ರು."

ನಾನು ಒತ್ತಾಯಿಸಲಿಲ್ಲ. ಹೆಸರು ತೆಗೆಸುವ ಅರ್ಜಿ ಬರೆಯಲು ನನಗೂ ಕೈ ಬರುತ್ತಿರಲಿಲ್ಲ.

ತಿಂಗಳ ಕೊನೆಗೆ ಅವ್ವನೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. "ಒಬ್ಬರದ್ದು ಇನ್ನೊಬ್ಬರ ಲೆಕ್ಕದಾಗ ಇದ್ರ ಅವರಿಗೆ ನಿದ್ದಿ ಬರ್ತಿದ್ದಿಲ್ಲ. ನಡಿ."

ಬ್ಯಾಂಕಿನಲ್ಲಿ ಮರಣಪತ್ರ ಕೊಟ್ಟೆವು. ಗುಮಾಸ್ತೆ ಅವ್ವನನ್ನು ಬಂಗಾಳಿಯಲ್ಲಿ "ಮಾಶಿಮಾ", ಚಿಕ್ಕಮ್ಮ, ಎಂದು ಕರೆದು ಸಹಿ ಹಾಕುವ ಜಾಗ ತೋರಿಸಿದಳು. ಅವ್ವ ಸಹಿ ಮಾಡಿ ಪೆನ್ನು ಹಿಡಿದುಕೊಂಡೇ ಕೂತಿದ್ದಳು.

ಜುಲೈನಲ್ಲಿ ಬ್ಯಾಂಕು ತಿದ್ದುಪಡಿ ಮಾಡಿತು, ಜಮೆ ಅವ್ವನ ಪಟ್ಟಿಗೆ ಬಂತು. ರಿಟರ್ನ್ ಸಲ್ಲಿಸಿದೆ.

"ಅವರದು ತೋರ್ಸು," ಅಂದಳು. ವಾರಸುದಾರಳೆಂದು ತೆರಿಗೆ ಇಲಾಖೆಯಿಂದ ಈಚೆಗೆ ಅವಳಿಗೆ ಸಿಕ್ಕಿದ್ದ ಅನುಮತಿಯಿಂದ ಅಪ್ಪನ ಪಟ್ಟಿ ತೆರೆದೆ. ತೀರಿಕೊಂಡ ಮೇಲಿನ ಸಾಲುಗಳು ಇರಲಿಲ್ಲ.

"ಇನ್ನ ಮುಂದ ಏನೂ ಬರಂಗಿಲ್ಲೇನು?"

"ಇಲ್ಲವ್ವಾ. ಹಿಂದಿನ ವರ್ಷದ್ವು ಅದಾವ."

"ತಗಿ."

ಒಂದೊಂದೇ ವರ್ಷ ಹಿಂದಕ್ಕೆ ಹೋದೆವು. ಸಂಬಳದಲ್ಲಿ ಮುರಿದ ತೆರಿಗೆ, ತಿಂಗಳಿಗೊಂದು ಸಾಲು. ಅವ್ವ ಬೆರಳಿಟ್ಟು ಹೇಳತೊಡಗಿದಳು: ಈ ವರ್ಷ ಗಾರ್ಡನ್ ರೀಚಿನ ರೈಲ್ವೆ ಕ್ವಾರ್ಟರ್ಸು, ಇದು ನೀ ಕಾಲೇಜು ಸೇರಿದ್ದು, ಈ ತಿಂಗಳು ಯಾಕ ಇಷ್ಟು ಹೆಚ್ಚಿಗಿ, ಹಾಂ, ಬಾಕಿ ಸಂಬಳ ಬಂದಿತ್ತು, ಫ್ರಿಜ್ ತಂದ್ರು.

ಅಷ್ಟರಲ್ಲಿ ಸಮಯ ಮೀರಿತೆಂದು ವೆಬ್‌ಸೈಟು ನಮ್ಮನ್ನು ಹೊರಹಾಕಿತು. ಅವ್ವ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಮತ್ತ ಹಾಕು," ಅಂದಳು. "ಅದರ ಹಿಂದಿಂದು ನೋಡೂಣು."